ಗೇಟಿನಿಂದ ಬಾಗಿಲವರೆಗೆ ಚೆಂಡುಹೂ

ಮೆಕ್ಸಿಕೋದ ರಾಜಕೀಯ ನನ್ನ ಮನೆಬಾಗಿಲಿಗೆ ಬಂದೀತು ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. 2006ರಲ್ಲಿ ಬಂತು. ಸಿಡ್ನಿಯ ಲಿವರ್‌ಪೂಲ್‌ನಲ್ಲಿ ನನ್ನ ಜೊತೆ ರೆಂಟ್ ಹಂಚಿಕೊಂಡಿದ್ದ ಗೆಳತಿ ಮೆಕ್ಸಿಕೋದ ಓಹಾಕಾದವಳು. ಅವಳ ತಂಗಿ ಅಲ್ಲಿ ಟೀಚರ್. ಸಂಬಳ ಹೆಚ್ಚಿಸಿ ಎಂದು ಟೀಚರುಗಳೆಲ್ಲ ಊರ ನಡುವಿನ ಚೌಕದಲ್ಲಿ ಟೆಂಟು ಹಾಕಿ ಕೂತಿದ್ದರು. ಜೂನ್‌ನಲ್ಲಿ ಪೊಲೀಸರು ಬೆಳಗಿನ ಜಾವ ಅಶ್ರುವಾಯು ಸಿಡಿಸಿ ಅವರನ್ನು ಎಬ್ಬಿಸಲು ನೋಡಿದರು. ಪಾಠ ಹೇಳುವವರ ಮೇಲೆ ಅಶ್ರುವಾಯುವೇ! ಮುಷ್ಕರಗಳನ್ನು ನೋಡುತ್ತಲೇ ಬೆಳೆದ ನನಗೂ ನಂಬಲಾಗಲಿಲ್ಲ. ಜುಲೈನಲ್ಲಿ ಅಧ್ಯಕ್ಷರ ಚುನಾವಣೆ. ಕೂದಲೆಳೆಯ ಅಂತರದಲ್ಲಿ ಸೋತವರ ಕಡೆಯವರು ರಾಜಧಾನಿಯ ರಸ್ತೆಯಲ್ಲೇ ಬಿಡಾರ ಹೂಡಿದರು. ಅಕ್ಟೋಬರಿನ ಹೊತ್ತಿಗೆ ಓಹಾಕಾದಲ್ಲಿ ಗುಂಡು ಹಾರುತ್ತಿತ್ತು. ತಂಗಿಯಿಂದ ಫೋನ್ ಬರುವುದು ನಿಂತಿತು.

ಆಗಲೇ ದೀಪಾವಳಿ. ಗೆಳತಿಯ ಸಪ್ಪೆ ಮುಖ ನೋಡಲಾರದೆ ಮನೆಯನ್ನಾದರೂ ಬೆಳಗಿಸೋಣ ಎಂದು ಹೊರಟೆ. ನರ್ಸರಿಯಿಂದ ಚೆಂಡುಹೂವಿನ ಕುಂಡಗಳನ್ನು ತಂದು, ಗೇಟಿನಿಂದ ಬಾಗಿಲವರೆಗೆ ಎಸಳು ಹಾಸಿ ಹಣತೆ ಇಟ್ಟೆ. ನಡುಮನೆಯಲ್ಲಿದ್ದ ಅವಳ ತಂಗಿಯ ಫೋಟೋ ಮುಂದೆಯೂ ಒಂದು ದೀಪ ಹಚ್ಚಿದೆ. ಹಾರ ಮಾತ್ರ ಹಾಕಲಿಲ್ಲ. ಬದುಕಿರುವವರ ಫೋಟೋಗೆ ಹಾರ ಹಾಕಬಾರದೆಂಬಷ್ಟು ಬುದ್ಧಿ ನನಗಿತ್ತು.

ಸಂಜೆ ಕೆಲಸ ಮುಗಿಸಿ ಬಂದ ಗೆಳತಿ ಗೇಟಿನಲ್ಲೇ ನಿಂತುಬಿಟ್ಟಳು. ಎಸಳುಗಳನ್ನು ನೋಡಿದಳು, ತೆರೆದ ಬಾಗಿಲಿನೊಳಗೆ ಫೋಟೋ ಮುಂದಿನ ದೀಪ ನೋಡಿದಳು. ಅಬ್ಬಾ, ಆ ಕೂಗು!

"ಯಾರು ಫೋನ್ ಮಾಡಿದ್ರು? ಏನಾಯ್ತು ಅವಳಿಗೆ? ಹೇಳೇ!"

"ಯಾರೂ ಮಾಡಿಲ್ಲ ಕಣೇ. ಇವತ್ತು ನಮ್ಮ ಹಬ್ಬ!"

ಅವರ ಕಡೆ ಪ್ರತಿ ನವೆಂಬರಿನ ಮೊದಲಲ್ಲಿ, ಸತ್ತವರು ಮನೆಗೆ ಬರುತ್ತಾರಂತೆ. ದಾರಿ ತಪ್ಪದಿರಲಿ ಎಂದು ಹಾಸುವುದು ಇದೇ ಹೂವನ್ನು. ದಾರಿಯ ಕೊನೆಗೆ ಫೋಟೋ, ದೀಪ. ನಮ್ಮ ಕಡೆಯ ಸಾವಿನ ಗುರುತನ್ನು ಜಾಣತನದಿಂದ ತಪ್ಪಿಸಿ, ಅವರ ಕಡೆಯದನ್ನು ಸಾಂಗವಾಗಿ ಮಾಡಿಟ್ಟಿದ್ದೆ. ಅವಳು ದೀಪ ಆರಿಸಿದಳು. ಇಬ್ಬರೂ ಪೊರಕೆ ಹಿಡಿದು ಗುಡಿಸಿದೆವು, ಒಳಗಿನಿಂದ ಗೇಟಿನತ್ತ. "ಒಂದು ಎಸಳೂ ಉಳೀಬಾರ್ದು" ಎಂದು ಅಳುತ್ತಲೇ ಬೈಯುತ್ತಿದ್ದಳು.

ಆ ವಾರವೇ ತಂಗಿ ಫೋನ್ ಮಾಡಿದಳು. ಬದುಕಿದ್ದಳು! ನಾನು ಕುಣಿಯುವುದೊಂದು ಬಾಕಿ. ಗೆಳತಿ ಮಾತ್ರ ನಗಲಿಲ್ಲ. ತಂಗಿಯ ಜೊತೆ ಒಂದೇ ಟೆಂಟಿನಲ್ಲಿದ್ದ ಟೀಚರೊಬ್ಬರು ಗುಂಡೇಟಿಗೆ ಸತ್ತಿದ್ದರು.

"ಆ ಗಿಡಗಳಲ್ಲಿ ಇನ್ನೂ ಹೂ ಇದೆಯಾ?" ಎಂದು ಕೇಳಿದಳು.

ಇದ್ದವು. ನವೆಂಬರ್ ಎರಡರಂದು ಅವಳೇ ಗೇಟಿನಿಂದ ಎಸಳು ಹಾಸಿದಳು. ಆ ಟೀಚರ ಮುಖವನ್ನು ನಾವಿಬ್ಬರೂ ಕಂಡಿರಲಿಲ್ಲ, ಫೋಟೋ ಎಲ್ಲಿಂದ ಬರಬೇಕು? ತಂಗಿಯ ಫೋಟೋವನ್ನು ಕಪಾಟಿನೊಳಗೆ ಬಚ್ಚಿಟ್ಟು, ಅದಿದ್ದ ಖಾಲಿ ಜಾಗದಲ್ಲಿ ನನ್ನ ಹಣತೆಯೊಂದನ್ನು ಇಟ್ಟಳು. ಹಚ್ಚು ಎಂದು ಬೆಂಕಿಪೊಟ್ಟಣವನ್ನು ನನ್ನ ಕೈಗೆ ಕೊಟ್ಟಳು.