ಡಿಗ್ರಿ ಅಕ್ಕನ ಅರ್ಧ ಮಿಲಿಮೀಟರ್

ಬೆಳಗಿನ ಐದೂವರೆ. ಹೊಲಿಗೆ ಅಂಗಡಿಯ ಹಿಂದಿನ ಪುಟ್ಟ ಕೋಣೆಯಲ್ಲಿ ಡಿಗ್ರಿ ಅಕ್ಕ ಬೈಕಿನ ಸಿಲಿಂಡರಿನೊಳಗೆ ಬಿಳಿ ಕಾಗದವನ್ನು ಸುರುಳಿ ಮಾಡಿ ತೂರಿಸುತ್ತಿದ್ದಾರೆ. ಮಸಿ ಹತ್ತಿದ ಬೆರಳಿನಿಂದ ಒಳಗೆಲ್ಲ ಸವರಿ ಕಾಗದವನ್ನು ಹೊರಗೆಳೆದರೆ, ಸಿಲಿಂಡರ್ ಗೋಡೆಯ ಕಿಂಡಿಗಳ ಅಂಚು ಅದರ ಮೇಲೆ ಅಚ್ಚುಕಟ್ಟಾಗಿ ಮೂಡಿರುತ್ತದೆ. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ ಏರಿಳಿಯುವಾಗ ಯಾವ ಕಿಂಡಿ ಯಾವಾಗ ತೆರೆಯುತ್ತದೆ ಎನ್ನುವುದರಲ್ಲೇ ಗಾಡಿಯ ಜೀವವಿದೆ. ಆ ಹೊತ್ತನ್ನು ಅಳೆಯುವುದು ಎಂಜಿನ್ ತಿರುಗುವ ಡಿಗ್ರಿಯಲ್ಲಿ. ಅಕ್ಕನಿಗೆ ಈ ಹೆಸರು ಬಂದಿದ್ದೂ ಹಾಗೇ.

“ಹೊಗೆ ಹೋಗೋ ಕಿಂಡೀನ ಅರ್ಧ ಮಿಲಿಮೀಟರ್ ಮೇಲೆ ಅರೆದ್ರೆ ಗಾಡಿ ನೇರ ದಾರೀಲಿ ಹಾರುತ್ತೆ. ಆದ್ರೆ ತಿರುವು ದಾಟಿ ಬರುವಾಗ ಎಳೆಯೋದೇ ಇಲ್ಲ. ಎರಡೂ ಬೇಕು ಅಂದ್ರೆ ಕೈ ಹಿಡಿತದಲ್ಲಿರಬೇಕು,” ಎನ್ನುತ್ತಾರೆ.

ಮುಂದಿನ ಕೋಣೆಯಿಂದ ಅಕ್ಕನ ಗಂಡ, ಟೈಲರ್ ಯಜಮಾನರು ದನಿಗೂಡಿಸುತ್ತಾರೆ: “ನಾನು ಬಟ್ಟೇಲಿ ಅರ್ಧ ಇಂಚು ಒಳಗೆ ಬಿಡ್ತೀನಿ. ಇವಳು ಕೂದಲೆಳೆಯಷ್ಟೂ ಬಿಡಲ್ಲ. ನನ್ನನ್ನೂ ಬಿಡಲ್ಲ!”

ಅಕ್ಕನ ಅಪ್ಪ ಲೇತ್ ಕೆಲಸದವರು. ಅವರು ಹಾಸಿಗೆ ಹಿಡಿದಾಗ ಅರ್ಧಕ್ಕೆ ನಿಂತಿದ್ದ ಸಿಲಿಂಡರನ್ನು ಮಗಳೇ ಮುಗಿಸಿಕೊಟ್ಟರು. ಅದಕ್ಕೀಗ ಹತ್ತೊಂಬತ್ತು ವರ್ಷ. ಒಂದಕ್ಕೆ ನಾಲ್ಕು ದಿನದಂತೆ ಇಲ್ಲಿಯವರೆಗೆ ಆರುನೂರಕ್ಕೂ ಹೆಚ್ಚು ಸಿಲಿಂಡರುಗಳು. ಬಲಗೈ ಹೆಬ್ಬೆರಳು ಈಗ ಮಡಚುವುದಿಲ್ಲ.

ಮೂರು ವರ್ಷದಿಂದ ಒಂದು ರೇಸ್ ತಂಡ ಈ ಕೈಕೆಲಸದಿಂದಲೇ ಗೆಲ್ಲುತ್ತಿದೆ. ಪ್ರತಿ ರೇಸಿಗೂ ತುಂಬುವ ಫಾರಂನಲ್ಲಿ ‘ಎಂಜಿನ್ ಸಿದ್ಧಪಡಿಸಿದವರು’ ಎಂಬ ಕಾಲಂ ಇದೆ. ಅಲ್ಲಿ ತಂಡದ ಮ್ಯಾನೇಜರ್ ತನ್ನ ಹೆಸರನ್ನೇ ಬರೆಯುತ್ತಾ ಬಂದಿದ್ದಾನೆ. ಅರ ಹಿಡಿಯಲೂ ಬಾರದ ಮನುಷ್ಯ! ಅಕ್ಕನಿಗೆ ರೇಸ್ ಮೈದಾನದ ಒಳಗೆ ಹೋಗಲು ಒಂದು ಪಾಸ್ ಕೂಡ ಇಲ್ಲ. ಬೇಲಿಯಾಚೆ ನಿಂತು ನೋಡಬೇಕು.

ಕಳೆದ ತಿಂಗಳು ತಂಡ ಸೋತಿತು. ಆಗ ಮಾತ್ರ ಮ್ಯಾನೇಜರಿಗೆ ಅಕ್ಕನ ನೆನಪಾಯಿತು. “ಹೊರಗಿನ ಯಾವುದೋ ಹೆಂಗಸಿಗೆ ಕೊಟ್ಟು ಕೆಟ್ಟೆವು,” ಎಂದು ಎಲ್ಲರೆದುರು ಹೇಳಿಬಿಟ್ಟ. ಗೆದ್ದರೆ ಅವನದು, ಸೋತರೆ ಇವರದು. ಇದಕ್ಕಿಂತ ನಾಚಿಕೆಗೇಡು ಇನ್ನೇನಿದೆ? ಅಂದಿನಿಂದ ಹೊಸ ಸಿಲಿಂಡರ್ ಒಂದೂ ಬಂದಿಲ್ಲ.

ಬಂದಿದ್ದು ಸೋತ ಸಿಲಿಂಡರ್ ಮಾತ್ರ, ವಾಪಸಾಗಿ. ಅದೇ ಈಗ ಅಕ್ಕನ ಮಡಿಲಲ್ಲಿದೆ. ಹೊಸ ಕಾಗದವನ್ನು, ಸಿಲಿಂಡರ್ ಕೊಡುವ ಮುನ್ನ ತೆಗೆದಿಟ್ಟಿದ್ದ ಹಳೆಯದರ ಮೇಲಿಟ್ಟು ನನಗೆ ತೋರಿಸುತ್ತಾರೆ: ಕಿಂಡಿಗಳು ಒಂದಿಷ್ಟೂ ಬದಲಾಗಿಲ್ಲ. ಆಮೇಲೆ ಸಿಲಿಂಡರಿನ ತಳಕ್ಕೆ ಅಂಟಿಕೊಂಡಿದ್ದ ಗ್ಯಾಸ್ಕೆಟ್ಟನ್ನು, ಅಂದರೆ ಸಿಲಿಂಡರಿಗೂ ಎಂಜಿನ್ನಿಗೂ ನಡುವೆ ಕೂರುವ ಹಾಳೆಯನ್ನು, ಬಿಡಿಸಿ ಅಳೆಯುತ್ತಾರೆ.

“ನಾನು ತೆಳ್ಳಗಿರೋದನ್ನ ಕೊಟ್ಟಿದ್ದೆ. ಇವರು ಅಂಗಡಿಯಿಂದ ದಪ್ಪದ್ದು ತಂದು ಹಾಕಿದಾರೆ. ಇಡೀ ಸಿಲಿಂಡರೇ ಅರ್ಧ ಮಿಲಿಮೀಟರ್ ಮೇಲೆ ಕೂತಿದೆ. ಕಿಂಡಿಗಳೆಲ್ಲ ಬೇಗ ತೆರೆದುಬಿಟ್ಟಿವೆ, ತಿರುವು ದಾಟಿದ ಮೇಲೆ ಗಾಡಿ ಎಳೆದೇ ಇಲ್ಲ. ಇದು ನನ್ನ ತಪ್ಪಾ, ಹೇಳಿ?”

ಅಷ್ಟರಲ್ಲಿ ಫೋನ್. ಅದೇ ಮ್ಯಾನೇಜರ್. ಮುಂದಿನ ವಾರ ರೇಸ್ ಇದೆ, ಹಳೆಯದನ್ನೆಲ್ಲ ಮರೆತು ಇನ್ನೊಂದು ಮಾಡಿಕೊಡಬೇಕಂತೆ. ಪಕ್ಕದಲ್ಲಿ ಕೂತು ಕೇಳುತ್ತಿರುವ ನನ್ನ ಮೈಯೆಲ್ಲ ಉರಿಯುತ್ತಿದೆ. ಅಕ್ಕ ದನಿ ಏರಿಸುವುದೇ ಇಲ್ಲ.

“ಮಾಡ್ಕೊಡ್ತೀನಿ ಸಾರ್. ಮೊದ್ಲು ಆ ಫಾರಂ ಇಲ್ಲಿಗೆ ತನ್ನಿ. ನನ್ನ ಹೆಸರು ನಾನೇ ಬರೀತೀನಿ. ಸೋತ್ರೂ ಅದೇ ಹೆಸರಿರ್ಲಿ.”