ಸ್ಟಾರ್ಟರ್ ಅಕ್ಕನೂ ಟಿಂಕರ್ ತಮ್ಮನೂ

ಗ್ಯಾರೇಜುಗಳ ಆ ಓಣಿಯಲ್ಲಿ ಅವಳಿಗೆ ಸ್ಟಾರ್ಟರ್ ಅಕ್ಕ ಅಂತಲೇ ಹೆಸರು. ಬ್ಯಾಟರಿ ಚೆನ್ನಾಗಿದ್ದೂ ಕೀ ತಿರುಗಿಸಿದರೆ ಬರೀ ಟಕ್ ಅಂದು ಸುಮ್ಮನಾಗುವ ಗಾಡಿಗಳೆಲ್ಲ ಕೊನೆಗೆ ಅವಳ ಶೆಡ್ಡಿಗೇ ಬರುತ್ತಿದ್ದವು. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಒಮ್ಮೆ ಸೊಂಟಕ್ಕೆ ಕೈ ಹಾಕಿದ ಲಾರಿ ಡ್ರೈವರೊಬ್ಬನ ಹಲ್ಲು ಉದುರಿಸಿ, ಆ ಹಲ್ಲನ್ನು ಕಾಗದದಲ್ಲಿ ಸುತ್ತಿ ಅವನ ಜೇಬಿಗೇ ತುರುಕಿ ಕಳಿಸಿದ್ದಳು. "ಬಿಚ್ಚಿದ ಹಳೇ ಪಾರ್ಟನ್ನ ಗಿರಾಕಿಗೇ ವಾಪಸ್ ಕೊಡೋದು ನಮ್ಮ ಪದ್ಧತಿ" ಅಂದಿದ್ದಳಂತೆ.

ಅದೇ ಶೆಡ್ಡಿನ ಇನ್ನರ್ಧದಲ್ಲಿ ತಮ್ಮ. ಅವನು ಟಿಂಕರ್, ನೆಗ್ಗಿದ ಬಾಗಿಲು, ಮಡಚಿಕೊಂಡ ಬಾನೆಟ್ಟುಗಳನ್ನು ತಟ್ಟಿ ತಟ್ಟಿ ಸರಿಮಾಡುವವನು. ದಿನವಿಡೀ ಸುತ್ತಿಗೆಯೇ ಮಾತಾಡುತ್ತಿತ್ತು, ಅವನು ಮಾತಾಡುತ್ತಿರಲಿಲ್ಲ. ಹಿಂದಿನ ಕೋಣೆಯಲ್ಲಿ ಅಮ್ಮ. ಶೆಡ್ಡು ಕಟ್ಟಿದ್ದು ಅಪ್ಪ. ಓಣಿಗೆಲ್ಲ ಅವನು ಮೇಸ್ತ್ರಿ. ಅವನು ಸತ್ತು ಬಹಳ ವರ್ಷವಾಗಿತ್ತು. ಮಗಳೆಂದರೆ ಮೇಸ್ತ್ರಿಗೆ ಪ್ರಾಣ. ತಾಮ್ರದ ತಂತಿ ಸುತ್ತುವುದು, ಬ್ರಷ್ ಕೂರಿಸುವುದು, ಎಲ್ಲವನ್ನೂ ಅವಳ ಕೈ ಹಿಡಿದು ಕಲಿಸಿದ್ದ. ಮಗನಿಗೆ ಕಲಿಸಿದ್ದು ಫ್ಯಾನ್ ಬೆಲ್ಟಿನಿಂದ. ಅದು ಓಣಿಗೆಲ್ಲ ಗೊತ್ತಿತ್ತು. "ಗಂಡು ಹುಡುಗ, ಮೊಂಡ, ಹೊಡೀದಿದ್ರೆ ದಾರಿಗೆ ಬರಲ್ಲ" ಎಂದು ಎಲ್ಲರೂ ಅಂದುಕೊಂಡ ಹಾಗೆ ಅವಳೂ ಅಂದುಕೊಂಡಿದ್ದಳು.

ಶೆಡ್ಡಿನ ಹಿಂಬದಿಯಲ್ಲಿ, ಟಾರ್ಪಾಲಿನ ಕೆಳಗೆ, ಅಪ್ಪನ ಕಾರು ನಿಂತಿತ್ತು. ಗುಂಡು ಬೆನ್ನಿನ, ಆನೆಯಂಥ ಹಳೇ ಕಾರು. ತಮ್ಮ ಅದರ ಪಕ್ಕ ಹಾದು ಹೋಗುವಾಗಲೂ ಮುಖ ಆಚೆ ತಿರುಗಿಸುತ್ತಿದ್ದ. ಹಳೇ ಕಾರಿನ ಹುಚ್ಚಿನ ಒಬ್ಬರು ಯಜಮಾನರು ಅದನ್ನು ನೋಡಿ ಮನಸೋತರು. ಆದರೆ ಹಿಂದೊಮ್ಮೆ ಇಂಥದೇ ಗಾಡಿಯನ್ನು ಎಬ್ಬಿಸಲು ಮುಂದಿನಿಂದ ಕಬ್ಬಿಣದ ಹ್ಯಾಂಡಲ್ ತೂರಿಸಿ ತಿರುಗಿಸುವಾಗ ಅದು ಹಿಂದಕ್ಕೆ ಒದ್ದು ಅವರ ಮಣಿಕಟ್ಟು ಮುರಿದಿತ್ತು. "ಕೀ ತಿರುಗಿಸಿದ್ರೆ ಎದ್ದೇಳ್ಬೇಕು ಕಣಮ್ಮ. ಹಾಗಿದ್ರೆ ತಗೋತೀನಿ" ಅಂದರು. ತಮ್ಮನಿಗೆ ಹೇಳಿದರೆ ರಗಳೆಯಾಗುತ್ತದೆ ಎಂದು, ಅವನು ಹೊರಗೆ ವೆಲ್ಡಿಂಗ್ ಕೆಲಸಕ್ಕೆ ಹೋದ ಹೊತ್ತು ನೋಡಿ ಅವಳು ಎಂಜಿನ್ ಎಬ್ಬಿಸುವ ಸ್ಟಾರ್ಟರ್ ಮೋಟರನ್ನು ಬಿಚ್ಚಿದಳು.

ಒಳಗೆಲ್ಲ ಮಸಿ. ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ಷುಗಳು ಸವೆದು ಉಗುರಿನಷ್ಟೇ ಉಳಿದಿದ್ದವು. ಮುಂದಿನ ಹಲ್ಲುಗಾಲಿ ಒಣಗಿದ ಗ್ರೀಸಿನಲ್ಲಿ ಕಚ್ಚಿಕೊಂಡಿತ್ತು. ಉಜ್ಜಿ, ತೊಳೆದು, ಹೊಸ ಬ್ರಷ್ ಹಾಕಿ, ಮೋಟರನ್ನು ಮೇಜಿಗೆ ಬಿಗಿದ ವೈಸಿನ ಇಕ್ಕಳದಲ್ಲಿ ಬಿಗಿಯಾಗಿ ಕಚ್ಚಿಸಿದಳು. ಹಾಗೇ ಮೇಜಿನ ಮೇಲಿಟ್ಟು ಕರೆಂಟ್ ಕೊಟ್ಟರೆ ಅದು ಎಗರಿ ಎದೆಗೇ ಬರುತ್ತದೆ. ಬ್ಯಾಟರಿಯ ಒಂದು ವೈರನ್ನು ಮೋಟರಿನ ಮೈಗೆ ಸಿಕ್ಕಿಸಿ, ಇನ್ನೊಂದನ್ನು ಟರ್ಮಿನಲ್ಲಿಗೆ ಮುಟ್ಟಿಸಿದಳು. ಕಿಡಿ ಹಾರಿತು. ಮೋಟರು ಕಿರುಚಿತು, ಹಲ್ಲುಗಾಲಿ ಕಚ್ಚಲು ಬಂದ ನಾಯಿಯ ಹಾಗೆ ಮುಂದಕ್ಕೆ ನೆಗೆಯಿತು. ಅವಳು ನಕ್ಕಳು.

"ಅದನ್ನ ಯಾಕೆ ಎಬ್ಬಿಸ್ತಿದ್ದೀಯ?"

ತಮ್ಮ ಬಾಗಿಲಲ್ಲಿ ನಿಂತಿದ್ದ.

"ಮಾರೋಕೆ. ಒಳ್ಳೇ ಗಿರಾಕಿ ಸಿಕ್ಕಿದ್ದಾರೆ. ಹೊಳೆಯೋ ಹಾಗೆ ಇಟ್ಕೋತಾರಂತೆ."

"ಮಾರಲ್ಲ. ಅದನ್ನ ಕತ್ತರಿಸಿ ಗುಜರಿಗೆ ಹಾಕ್ಬೇಕು."

"ನಿನಗೇನು ತಲೆ ಕೆಟ್ಟಿದೆಯಾ? ಅಪ್ಪನ ಗಾಡಿ ಅದು."

"ಅದಕ್ಕೇ."

ಅವನು ಸಮ್ಮಟಿಗೆ ಎತ್ತಿಕೊಂಡು ಹಿಂಬದಿಗೆ ನಡೆದ. ಮೊದಲ ಏಟಿಗೆ ಮುಂದಿನ ಗಾಜು ಪುಡಿಯಾಗಿ ಒಳಗಿನ ಸೀಟಿನ ಮೇಲೆ ಸುರಿಯಿತು. ಎರಡನೆಯದಕ್ಕೆ ಒಂದು ಹೆಡ್‌ಲೈಟು ಗುಳಿಬಿದ್ದ ಕಣ್ಣಾಯಿತು. ಅವಳು ಓಡಿ ಹೋಗಿ ಹಿಂದಿನಿಂದ ಅವನ ಕುತ್ತಿಗೆ ಹಿಡಿದು ಎಳೆದಳು. ಅವನು ತಿರುಗಿ ನೋಡದೆ ಮೊಣಕೈಯಲ್ಲಿ ತಳ್ಳಿದ. ಏಟು ಅವಳ ಬಾಯಿಗೆ ಬಿತ್ತು. ತುಟಿ ಸೀಳಿ ರಕ್ತ ಗದ್ದಕ್ಕಿಳಿಯಿತು. ರಕ್ತದ ರುಚಿ ನಾಲಿಗೆಗೆ ತಾಗಿದ್ದೇ ತಡ, ಅವಳ ಕಣ್ಣಿಗೆ ತಮ್ಮ ತಮ್ಮನಾಗಿ ಉಳಿಯಲಿಲ್ಲ. ಬಂಪರಿನ ಹತ್ತಿರ ಬಿದ್ದಿದ್ದ, ಆ ಕಾರಿನದೇ ಕಬ್ಬಿಣದ ಹ್ಯಾಂಡಲ್ ಕೈಗೆ ಸಿಕ್ಕಿತು. ಬೀಸಿದಳು.

ಮುಂಗೈ ಮೂಳೆ ಮುರಿದ ಸದ್ದು ಅವಳಿಗೇ ಕೇಳಿಸಿತು. ಸಮ್ಮಟಿಗೆ ಕೆಳಗೆ ಬಿತ್ತು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಭುಜಕ್ಕೊಂದು, ಬೆನ್ನಿಗೊಂದು ಹೊಡೆದಳು. ಹೊಡೆಯುತ್ತಾ ಹೋದಂತೆ ಕೈ ಹಗುರಾಗುತ್ತಿತ್ತು, ಮೈಯಲ್ಲಿ ಒಂಥರಾ ಸುಖ ಏಳುತ್ತಿತ್ತು. ಅವನು ಗಾಜಿನ ಚೂರುಗಳ ಮೇಲೆ ಮುದುರಿ, ಮುರಿಯದ ಕೈಯನ್ನು ತಲೆಗೆ ಅಡ್ಡ ಹಿಡಿದು, ಚಿಕ್ಕ ಮಗುವಿನ ದನಿಯಲ್ಲಿ ಅಂದ:

"ಬೇಡ ಅಪ್ಪ. ಬೇಡ ಅಪ್ಪ. ಸದ್ದು ಮಾಡಲ್ಲ."

ಮೇಲೆತ್ತಿದ ಕೈ ಅಲ್ಲೇ ನಿಂತಿತು. ಅವಳು ಹ್ಯಾಂಡಲ್ ನೋಡಿದಳು. ಅದನ್ನು ಹಿಡಿದ ತನ್ನ ಮುಷ್ಟಿ ನೋಡಿದಳು. ಹಿಂದಿನ ಕೋಣೆಯ ಬಾಗಿಲಲ್ಲಿ ಅಮ್ಮ ಬಂದು ನಿಂತಿದ್ದಳು. ಅಮ್ಮ ಕಿರುಚಲಿಲ್ಲ, ಅಳಲಿಲ್ಲ. ಅವಳಿಗೆ ಇದು ಹೊಸದೇನೂ ಅಲ್ಲ ಎಂಬುದು ಮುಖದಲ್ಲೇ ಇತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದಾಗ ತಮ್ಮ, "ಜಾಕಿಯಿಂದ ಗಾಡಿ ಜಾರ್ತು" ಅಂದ. ಡಾಕ್ಟರು ಅವಳ ತುಟಿ ನೋಡಿದರು. "ಇವರ ಮೇಲೂ ಜಾರ್ತಾ?" ಅಂದರು. ಕೈಗೆ ಪ್ಲಾಸ್ಟರ್ ಹಾಕಿದ ಮೇಲೆ, ಹೊರಗಿನ ಬೆಂಚಿನ ಮೇಲೆ ಕೂತಾಗ ಅವಳು ಕೇಳಿದಳು: "ಸದ್ದು ಮಾಡಲ್ಲ ಅಂದೆಯಲ್ಲ. ಏನು ಸದ್ದು?"

ಅವನು ಎದುರಿನ ಗೋಡೆ ನೋಡುತ್ತಾ ಹೇಳಿದ. "ಅಪ್ಪ ನನ್ನನ್ನ ಆ ಕಾರಿನ ಡಿಕ್ಕಿ ಒಳಗೆ ಹಾಕಿ ಮುಚ್ತಿದ್ದ. ಪೇಟೆಗೆ ಹೋಗಿ ಬರೋವರೆಗೂ. ಒದ್ರೆ, ಬಡಿದ್ರೆ, ಇಳಿಸಿದ ಮೇಲೆ ಆ ಹ್ಯಾಂಡಲ್‌ನಲ್ಲಿ ಬೀಳ್ತಿತ್ತು."

"ಯಾವಾಗ?"

"ನೀನು ಮುಂದೆ ಕೂತಿರ್ತಿದ್ದೆಯಲ್ಲ, ಆವಾಗ. ನೀನು ಹಾಡ್ತಿದ್ದೆ. ಒಳಗೆ ಕೇಳಿಸ್ತಿತ್ತು."

ಅವಳಿಗೆ ಆ ಸವಾರಿಗಳು ನೆನಪಿದ್ದವು. ಕಿಟಕಿಯ ಗಾಳಿ, ಅಪ್ಪನ ಬೆವರಿನ ವಾಸನೆ, ಹಿಂದಿನಿಂದ ಬರುತ್ತಿದ್ದ ಢಬ್ ಢಬ್. ಅದೇನು ಅಂತ ಕೇಳಿದರೆ ಅಪ್ಪ, "ಸೈಲೆನ್ಸರ್ ಲೂಸಾಗಿದೆ ಪುಟ್ಟಿ, ನೀನು ಹಾಡು" ಅನ್ನುತ್ತಿದ್ದ. ಎದ್ದು ಹೋಗಿ ಆಸ್ಪತ್ರೆಯ ಚರಂಡಿಯ ಬಳಿ ವಾಂತಿ ಮಾಡಿಕೊಂಡಳು.

ವಾಪಸ್ ಬಂದು, "ಗಿರಾಕಿಗೆ ಇಲ್ಲ ಅಂತೀನಿ" ಅಂದಳು.

"ಅನ್ನು. ಇಲ್ಲಾಂದ್ರೆ ಅವರು ಬಣ್ಣ ಹೊಡೆಸಿ ಊರೆಲ್ಲ ಓಡಿಸ್ತಾರೆ. ನಾನು ಎಲ್ಲೋ ರಸ್ತೆ ದಾಟ್ತಾ ಇರ್ತೀನಿ, ಅದು ಎದುರಿಗೆ ಬರುತ್ತೆ."

"ಗುಜರಿಯವನಿಗೆ ಫೋನ್ ಮಾಡ್ಲಾ? ಎಳ್ಕೊಂಡು ಹೋಗ್ತಾನೆ."

ಅವನು ಅವಳ ಕಡೆ ತಿರುಗಿದ. "ಎಳೆಸೋದು ಬೇಡ. ನೀನೇ ಓಡಿಸು. ನಾನು ಮುಂದೆ ಕೂರ್ತೀನಿ."

ಹಾಗಾಗಿ ಸಾಯಲಿರುವ ಕಾರಿಗೆ ಅವಳು ಸ್ಟಾರ್ಟರ್ ಕೂರಿಸಿದಳು, ಮದುವೆಗೆ ಹೊರಟ ಗಾಡಿಗೆ ಕೂರಿಸುವಷ್ಟೇ ಶ್ರದ್ಧೆಯಿಂದ. ಮೊದಲು ಬ್ಯಾಟರಿಯ ವೈರು ಕಳಚಿಟ್ಟಳು. ಕಾರಿನ ಕೆಳಗೆ ಅಂಗಾತ ಮಲಗಿ, ಮೋಟರು ಕೂರುವ ಜಾಗದ ತುಕ್ಕು ಕೆರೆದಳು. ಅಲ್ಲಿ ಕಬ್ಬಿಣಕ್ಕೆ ಕಬ್ಬಿಣ ತಾಗದಿದ್ದರೆ ಎಷ್ಟು ಕರೆಂಟ್ ಕೊಟ್ಟರೂ ವ್ಯರ್ಥ. ಒಡೆದ ತುಟಿಯ ಮೇಲೆ ತುಕ್ಕಿನ ಪುಡಿ ಬಿದ್ದು ಉರಿಯಿತು. ಎದೆಯ ಮೇಲಿಟ್ಟುಕೊಂಡ ಮೋಟರನ್ನು ಎರಡೂ ಕೈಯಲ್ಲಿ ಎತ್ತಿ ಒಳಕ್ಕೆ ತಳ್ಳಿದಳು. ಬೋಲ್ಟು ಸಿಗದೆ ಅದು ಜಾರಿ ಪಕ್ಕೆಲುಬಿಗೆ ಬಡಿಯಿತು. ಉಸಿರು ಕಟ್ಟಿತು. ಕೆಟ್ಟದಾಗಿ ಬೈದಳು, ಯಾರನ್ನು ಅಂತ ಅವಳಿಗೇ ತಿಳಿಯಲಿಲ್ಲ. ಆಗ ಪ್ಲಾಸ್ಟರಿನ ಕೈ ಕುತ್ತಿಗೆಗೆ ಕಟ್ಟಿಕೊಂಡ ತಮ್ಮ ನೆಲಕ್ಕೆ ಕೂತು, ಎಡಗೈ ಒಳಗೆ ಚಾಚಿ ಮೋಟರಿಗೆ ಆನಿಸಿ ಹಿಡಿದ. "ಹಾಕು" ಅಂದ. ಬೋಲ್ಟುಗಳು ಕೂತವು. ದಪ್ಪ ವೈರು ಸಿಕ್ಕಿಸಿ, ನಟ್ಟು ಬಿಗಿದು, ಕಡೆಗೆ ಬ್ಯಾಟರಿ ಜೋಡಿಸಿದಳು. ಟ್ಯಾಂಕಿಗೆ ಹೊಸ ಪೆಟ್ರೋಲ್ ಹಾಕಿ, ಕಾರ್ಬುರೇಟರ್ ತೊಳೆದು, ಗೇರು ನ್ಯೂಟ್ರಲ್ಲಿನಲ್ಲಿದೆಯಾ ನೋಡಿ ಕೀ ತಿರುಗಿಸಿದಳು.

ಎಂಜಿನ್ನು ಒಮ್ಮೆ ನರಳಿತು, ಕೆಮ್ಮಿತು, ಆಮೇಲೆ ಹಳೇ ದನಿಯಲ್ಲಿ ಗುಡುಗಿತು. ತಮ್ಮ ಒಂದು ಹೆಜ್ಜೆ ಹಿಂದೆ ಸರಿದ. ಆದರೂ ಅವನು ಬಾಗಿಲು ತೆಗೆದು ಮುಂದಿನ ಸೀಟಿನ ಗಾಜು ಗುಡಿಸಿ ಕೂತ.

ಮುಂದಿನ ಗಾಜಿಲ್ಲದ, ಒಕ್ಕಣ್ಣಿನ ಕಾರು ಓಣಿ ದಾಟುವಾಗ ಟಯರ್ ಅಂಗಡಿಯವನು, "ಏನಕ್ಕಾ, ಏಸಿ ಜೋರಾಗಿದೆ" ಅಂದ. ದಾರಿಯುದ್ದಕ್ಕೂ ಮುಖಕ್ಕೆ ಧೂಳು ರಾಚಿತು.

ಗುಜರಿ ಅಂಗಳದಲ್ಲಿ ಗ್ಯಾಸ್ ಕಟರ್ ಹಿಡಿದವನು ಸಿದ್ಧನಾಗಿದ್ದ. "ಸ್ವಲ್ಪ ತಡೀರಿ" ಅಂತ ತಮ್ಮ ಅಲ್ಲಿಯ ದೊಡ್ಡ ಸುತ್ತಿಗೆ ಕೇಳಿ ಪಡೆದ. ಎಡಗೈಯಲ್ಲೇ ಡಿಕ್ಕಿಯ ಮುಚ್ಚಳಕ್ಕೆ ಹೊಡೆದ. ನೆಗ್ಗಿದ್ದನ್ನು ನೆಟ್ಟಗೆ ಮಾಡಿಯೇ ಬದುಕಿದ ಕೈ ಅದು. ಎಲ್ಲಿ ಹೊಡೆದರೆ ತಗಡು ಹರಿಯುತ್ತದೆ ಅಂತ ಅದಕ್ಕೆ ಗೊತ್ತಿತ್ತು. ಬಾಯಿಯಿಂದ ಜೊಲ್ಲು, ಮೂಗಿನಿಂದ ನೀರು ಸುರಿಸುತ್ತಾ ಹೊಡೆದ. ಕೈ ಸೋತು ಸುತ್ತಿಗೆ ಜಾರಿದಾಗ ಅವಳು ಅದನ್ನೆತ್ತಿಕೊಂಡಳು. ಬೀಗ ಕಿತ್ತು ಬರುವವರೆಗೂ, ಮುಚ್ಚಳ ಹರಿದು ಒಳಗಿನ ಕತ್ತಲೆಗೆ ಬಿಸಿಲು ಬೀಳುವವರೆಗೂ ಹೊಡೆದಳು. ಕಟರಿನವನು ದೂರ ನಿಂತು ಬೀಡಿ ಹಚ್ಚಿದ. ಇಂಥ ಗಿರಾಕಿಗಳನ್ನು ಅವನು ಕಂಡಿರಲಿಲ್ಲ.

ಮನೆಗೆ ಬಂದಾಗ ಅಮ್ಮ, "ಹೋಯ್ತಾ?" ಅಂತಷ್ಟೇ ಕೇಳಿದಳು.

"ನಿನಗೆ ಗೊತ್ತಿತ್ತಾ ಅಮ್ಮ?" ಅಂದಳು ಮಗಳು.

"ತಡೆಯೋಕೆ ಹೋದ ದಿನ ನನ್ನನ್ನೂ ಅದರೊಳಗೇ ಹಾಕಿದ್ದ" ಅಂದು ಅಮ್ಮ ಒಲೆ ಕಡೆ ತಿರುಗಿದಳು. ಆ ಮಾತು ಮಗನಿಗೂ ಗೊತ್ತಿರಲಿಲ್ಲ. ಅವನು ಹೋಗಿ ಅಮ್ಮನ ಪಕ್ಕ ನೆಲದ ಮೇಲೆ ಕೂತ.

ಅವನ ಕೈ ಕೂಡಿಕೊಂಡಿತು, ಆದರೆ ಸ್ವಲ್ಪ ಸೊಟ್ಟಗೆ. ಅಕ್ಕನ ಮೇಲಿನ ಸಿಟ್ಟು ಪೂರ್ತಿ ಇಳಿದಿದೆ ಅಂತ ಅವನು ಯಾವತ್ತೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಚಳಿಯಲ್ಲಿ ಅವನು ಮುಂಗೈ ನೀವಿಕೊಳ್ಳುವಾಗ ಅವಳು ಕೆಲಸ ನಿಲ್ಲಿಸಿ ಹೊರಗೆ ಹೋಗಿ ನಿಲ್ಲುತ್ತಿದ್ದಳು.

ಅವಳ ಬಾಯಿಯ ಜೋರು ಹಾಗೇ ಉಳಿಯಿತು. ಒಂದು ದಿನ ಗಿರಾಕಿಯೊಬ್ಬ ಎಲ್ಲರೆದುರು ಅವಳಿಗೆ ಕೆಟ್ಟ ಮಾತು ಅಂದ. ಅವಳ ಕೈ ಸ್ಪ್ಯಾನರ್ ಎತ್ತಿಯೇಬಿಟ್ಟಿತ್ತು. ಆಚೆ ಬದಿಯಲ್ಲಿ ಸುತ್ತಿಗೆ ಸದ್ದು ನಿಂತಿತು.

"ಅಕ್ಕ" ಅಂದ ತಮ್ಮ, ಇದ್ದಲ್ಲಿಂದಲೇ.

ಅವಳು ಸ್ಪ್ಯಾನರ್ ಕೆಳಗಿಟ್ಟಳು. "ನಿಮ್ಮ ಗಾಡಿ ತಗೊಂಡು ಹೋಗಿ" ಅಂದಳು ಗಿರಾಕಿಗೆ. ಅವನು ತಳ್ಳಿಕೊಂಡೇ ಹೋದ. ಅವಳು ಬಹಳ ಹೊತ್ತು ವೈಸಿನ ಮುಂದೆ ಕೈ ಕಟ್ಟಿಕೊಂಡು ನಿಂತಿದ್ದಳು. ಆಚೆ ಬದಿಯಲ್ಲಿ ತಗಡು ತಟ್ಟುವ ಸದ್ದು ಮತ್ತೆ ಶುರುವಾಯಿತು.