ಅತ್ತೆಯ ಮಡಿಸೀರೆ, ಮಗನ ಲಂಗೋಟಿ

ನನಗೆ ಸರಕಾರಿ ಶಾಲೆಯ ನೌಕರಿ ಸಿಕ್ಕಿದ್ದು ರಾಯಚೂರಿನಲ್ಲಿ ಎರಡು ವರ್ಷ ಟ್ರೇನಿಂಗ್ ಮಾಡಿದ್ದರಿಂದ. ಅದು ಉಳಿದದ್ದು ಮಾತ್ರ ಒಂದು ಲಂಗೋಟಿಯಿಂದ. ಇದನ್ನು ನಿವೃತ್ತಿಯ ಸಮಾರಂಭದಲ್ಲಿ ಹೇಳಬೇಕೆಂದಿದ್ದೆ. ವೇದಿಕೆಯ ಮೇಲೆ ಅಧಿಕಾರಿಗಳಿದ್ದರು, ಬಾಯಿ ಬರಲಿಲ್ಲ. ಈಗ ಹೇಳುತ್ತೇನೆ.

ಎಪ್ಪತ್ತರ ದಶಕದ ಕೊನೆಯ ಮಾತು. ದೇವದುರ್ಗದ ತವರಿನಲ್ಲಿ ಬಾಣಂತನ ಮುಗಿಸಿಕೊಂಡು ಮಾನ್ವಿಯ ಗಂಡನ ಮನೆಗೆ ಬಂದು ಎಂಟು ದಿನವಾಗಿರಲಿಲ್ಲ, ಅಂಚೆಯವನು ಆದೇಶ ತಂದುಕೊಟ್ಟ. ಶಾಲೆ ಮಾನ್ವಿಯಲ್ಲೇ, ಗಂಟೆ ಹೊಡೆದರೆ ನಮ್ಮ ಅಡಿಗೆಮನೆಗೆ ಕೇಳುವಷ್ಟು ಹತ್ತಿರ. ಮೂರು ವಾರದೊಳಗೆ ಹಾಜರಾಗಬೇಕು, ಇಲ್ಲವಾದರೆ ಆದೇಶ ರದ್ದು. ಮಗನಿಗೆ ಆಗ ಐದು ತಿಂಗಳು. ಆ ಕಾಗದವನ್ನು ಅಕ್ಕಿಡಬ್ಬಿಯೊಳಗಿಟ್ಟು ದಿನಕ್ಕೆರಡು ಸಲ ತೆಗೆದು ಓದುತ್ತಿದ್ದೆ. ನನ್ನ ಹೆಸರಿನ ಹಿಂದೆ 'ಶ್ರೀಮತಿ' ಎಂದು ಟೈಪು ಮಾಡಿದ್ದರು. ಅದುವರೆಗೆ ಯಾರೂ ನನ್ನನ್ನು ಅಷ್ಟು ಮರ್ಯಾದೆಯಿಂದ ಕರೆದಿರಲಿಲ್ಲ. ನನಗೆ ಆ ನೌಕರಿ ಬೇಕೇ ಬೇಕಿತ್ತು.

ಮನೆಯಲ್ಲಿ ನಾವು ನಾಲ್ಕು ಜನ: ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ನನ್ನ ಗಂಡ, ಅವರ ತಾಯಿ, ನಾನು, ಮಗ. ಕೂಸನ್ನು ನೋಡಿಕೊಳ್ಳಲು ಅತ್ತೆಯ ಹೊರತು ಯಾರೂ ಇಲ್ಲ. ಅತ್ತೆಯ ದಿನಚರಿಯೋ, ಸರಕಾರ ಬದಲಾದರೂ ಬದಲಾಗುವಂಥದ್ದಲ್ಲ. ಹನ್ನೊಂದಕ್ಕೆ ಜಳಕ ಮಾಡಿ, ಮಡಿಸೀರೆ ಉಟ್ಟು ದೇವರ ಮುಂದೆ ಕೂತರೆ ಪೂಜೆ ಮುಗಿಸಿ, ಪುರಾಣದ ಒಂದು ಅಧ್ಯಾಯ ಓದಿಯೇ ಏಳುವುದು, ಆಮೇಲೆಯೇ ಊಟ. ನಡುವೆ ಸೀರೆ ತೊಯ್ದರೆ ಮಡಿ ಕೆಟ್ಟಿತು. ಮತ್ತೆ ಜಳಕ, ಬೇರೆ ಮಡಿಸೀರೆ, ಮತ್ತೆ ಮೊದಲಿನಿಂದ ಪೂಜೆ.

ನನ್ನ ಮಗನಿಗೂ ಒಂದು ದಿನಚರಿ ಇತ್ತು. ತೊಟ್ಟಿಲಲ್ಲಿ ಹಾಕಿದರೆ ಓಣಿಯೆಲ್ಲ ಕೇಳುವಂತೆ ಚೀರುವುದು, ಅಜ್ಜಿಯ ತೊಡೆಯ ಮೇಲೆ ಹಾಕಿದರೆ ಗಪ್‌ಚುಪ್ ಆಗುವುದು, ಗಪ್‌ಚುಪ್ ಆದ ಐದನೇ ನಿಮಿಷಕ್ಕೆ ತೊಡೆಯನ್ನು ತೊಯ್ಸುವುದು. ತವರಿನಲ್ಲಿ ಇದು ಯಾರಿಗೂ ಒಂದು ಸಮಸ್ಯೆ ಎನಿಸಿರಲಿಲ್ಲ. ಅಲ್ಲಿ ನಮ್ಮವ್ವ ಅವನಿಗೆ ಏನನ್ನೂ ಕಟ್ಟುತ್ತಿರಲಿಲ್ಲ, ಸಗಣಿ ಸಾರಿಸಿದ ಮಣ್ಣಿನ ನೆಲ ಎಲ್ಲವನ್ನೂ ಕುಡಿದುಬಿಡುತ್ತಿತ್ತು. ಮಾನ್ವಿಯ ಮನೆಗೆ ಶಹಾಬಾದಿ ಕಲ್ಲಿನ ಫರಸಿ, ಅದು ಒಂದು ಹನಿಯನ್ನೂ ಹೀರದು.

ಆದೇಶ ಬಂದ ಸಂಜೆ ಅತ್ತೆ ತೀರ್ಪು ಕೊಟ್ಟರು.

"ನೌಕರಿಗೆ ಹೋಗು, ನಾ ಬ್ಯಾಡ ಅನ್ನಂಗಿಲ್ಲ. ಕೂಸಿನ್ನ ನೋಡ್ಕೊಂತೀನಿ. ಆದ್ರ ಪೂಜಿ ಮುಗಿಯೋ ತನಕ ನನ್ನ ಮಡಿಸೀರಿ ತೊಯ್ಯಬಾರ್ದು. ದಿನಕ್ಕ ಮೂರು ಸರತಿ ಮೈ ತೊಳಸ್ಕೊಳ್ಳಾಕ ನಾ ಏನ್ ಎಮ್ಮೀನ?"

ನನ್ನ ಗಂಡ ನನ್ನ ಮುಖ ನೋಡಿದರು, ತಾಯಿಯ ಮುಖ ನೋಡಿದರು, ಕೊನೆಗೆ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದರು. ಅವರ ಕಡೆಯಿಂದ ಇಷ್ಟೇ ನೆರವು.

ತಪ್ಪು, ಇನ್ನೊಂದು ನೆರವನ್ನೂ ಮಾಡಿದರು. ಕಚೇರಿಯ ಕೆಲಸಕ್ಕೆ ರಾಯಚೂರಿಗೆ ಹೋದವರು ಹೊಚ್ಚ ಹೊಸ ಬಿಳಿ ಲಾಂಗ್‌ಕ್ಲಾತ್ ಬಟ್ಟೆಯನ್ನೂ, ಔಷಧದ ಅಂಗಡಿಯಿಂದ ಆಸ್ಪತ್ರೆಯ ಹಾಸಿಗೆಗೆ ಹಾಕುವ ಕೆಂಪು ರಬ್ಬರ್ ಶೀಟನ್ನೂ ತಂದರು. "ಸರಕಾರಿ ನೌಕರರ ಮಗ ಹಳೇ ಚಿಂದಿ ಯಾಕ ಕಟ್ಕೋಬೇಕು?" ಎಂದರು. ಸರಕಾರಿ ನೌಕರರಿಬ್ಬರ ಮಗ ಎಂಬ ಅರ್ಥ ಅದರಲ್ಲಿದ್ದುದರಿಂದ ನನಗೂ ಎದೆ ಉಬ್ಬಿತು.

ಪಕ್ಕದ ಮನೆಯಲ್ಲಿ ಹೊಲಿಗೆ ಯಂತ್ರವಿತ್ತು. ಆ ಮನೆಯಾಕೆಯನ್ನು ಓಣಿಯವರೆಲ್ಲ ಚಿಕ್ಕಮ್ಮ ಎಂಬ ಅರ್ಥದಲ್ಲಿ ಖಾಲಾ ಎನ್ನುತ್ತಿದ್ದೆವು. ಅವರ ಗಂಡನದು ಬಜಾರದಲ್ಲಿ ಬಳೆಯಂಗಡಿ, ಮನೆಯಲ್ಲಿ ಏಳು ಮಕ್ಕಳು. ಖಾಲಾ ಅಡಿಗೆ ಮಾಡುತ್ತಿದ್ದಾಗ ನಾನೇ ಯಂತ್ರ ತುಳಿದು, ಒಳಗೆ ಎರಡು ಮಡಿಕೆ ಬಟ್ಟೆ, ಹೊರಗೆ ರಬ್ಬರು ಇಟ್ಟು, ಸುತ್ತಲೂ ಗಟ್ಟಿಯಾಗಿ ಇರಲೆಂದು ಮೂರು ಸಾಲು ಹೊಲಿಗೆ ಹಾಕಿದೆ. ನೋಡಲು ಬಲು ಚೆಂದವಿತ್ತು. ಪರೀಕ್ಷೆಗೆ ನನ್ನ ಗಂಡನೇ ಕಚೇರಿಯ ಪ್ಯಾಂಟಿನಲ್ಲಿ ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡರು. ಐದು ನಿಮಿಷ ಎಲ್ಲ ಸರಿಯಿತ್ತು. ಆಮೇಲೆ ಮೂರು ಸಾಲು ಹೊಲಿಗೆಯ ಒಂದೊಂದು ಸೂಜಿತೂತಿನಿಂದಲೂ ಸಣ್ಣಗೆ, ಸಮನಾಗಿ ಸುರಿಯತೊಡಗಿತು. ಒಂದು ಸಾಲು ಹಾಕಿದ್ದರೆ ಅಷ್ಟಾದರೂ ಕಡಿಮೆಯಾಗುತ್ತಿತ್ತು. ಅವರು ಪ್ಯಾಂಟು ಬದಲಾಯಿಸಿ ಕಚೇರಿಗೆ ತಡವಾಗಿ ಹೋದರು. ರಬ್ಬರಿನ ಸೆಕೆಗೆ ಮಗನ ತೊಡೆಸಂದಿಯಲ್ಲಿ ಕೆಂಪು ಗುಳ್ಳೆ ಎದ್ದದ್ದರಿಂದ ಆ ಶೀಟನ್ನು ಉಪ್ಪಿನಕಾಯಿ ಭರಣಿಯ ಬಾಯಿಗೆ ಕಟ್ಟಿದೆ.

ಉಳಿದ ಹೊಸ ಬಟ್ಟೆಯಿಂದ ನಾಲ್ಕು ಮಡಿಕೆಯ ಲಂಗೋಟಿಗಳನ್ನು ಹೊಲಿದೆ. ಹೊಸ ಬಟ್ಟೆ ನೀರು ಹೀರುವುದಿಲ್ಲ, ನಾಲ್ಕಾರು ಸಲ ಒಗೆದ ಮೇಲೆಯೇ ಮೆತ್ತಗಾಗುವುದು ಎಂದು ನನಗೂ ಗೊತ್ತಿತ್ತು. ಅದಕ್ಕೇ ಅಗಸನಿಗೆ ಕೊಟ್ಟು, "ಚಲೋತ್ನಾಗಿ ಒಗಿಯಪಾ" ಎಂದು ಎರಡೆರಡು ಸಲ ಹೇಳಿದೆ. ಮೂರನೇ ದಿನ ಅವನು ಗಂಟು ಬಿಚ್ಚಿದ. ಲಂಗೋಟಿಗಳಿಗೆ ಗಂಜಿ ಹಾಕಿ, ನೀಲಿ ಕೊಟ್ಟು, ಇಸ್ತ್ರಿ ಮಾಡಿ ತಂದಿದ್ದ. ಒಂದೊಂದೂ ಹಪ್ಪಳದಂತೆ ಸೆಟೆದಿತ್ತು.

"ಯಪ್ಪಾ, ಇದಕ್ಕ ಯಾಕ ಗಂಜಿ ಹಾಕ್ದಿ?" ಎಂದೆ.

"ಸಾಹೇಬ್ರ ಮನಿ ಬಿಳಿ ಅರಿವಿ ಗಂಜಿ ಇಲ್ದಂಗ ಹೆಂಗ ಕೊಡ್ಲಿ ಯವ್ವಾ? ನೋಡಿದವ್ರು ನನಗ ಏನಂತಾರ?" ಎಂದು ಅವನು ಬೇಜಾರು ಮಾಡಿಕೊಂಡ.

ಸಿಟ್ಟಿನಲ್ಲಿ ಒಂದನ್ನು ಹಾಗೆಯೇ ಕಟ್ಟಿ ನೋಡಿದೆ. ಮಗ ಮಂತ್ರಿಯ ಹಾಗೆ ಕಂಡ. ಆದರೆ ಎಣ್ಣೆ ಸವರಿದ ಹಂಚಿನ ಮೇಲಿಂದ ಜಾರುವಂತೆ ಎಲ್ಲವೂ ಜಾರಿ ಅತ್ತೆಯ ಮಡಿಲು ಸೇರಿತು. ಅತ್ತೆ ಎದ್ದು ಬಚ್ಚಲಿಗೆ ಹೋಗಿ, ನನಗೆ ಕೇಳಲಿ ಎಂದೇ ಚೊಂಬನ್ನು ಹಂಡೆಗೆ ಕುಕ್ಕಿದರು.

ಹದಿನೈದು ದಿನ ಉಳಿದಿದ್ದವು. ತವರಿಗೆ ಕಾರ್ಡು ಬರೆದೆ. ನಮ್ಮವ್ವ ಅಪ್ಪನ ಹಳೇ ಧೋತರಗಳನ್ನೂ, ತನ್ನ ಸವೆದ ನೂಲಿನ ಸೀರೆಗಳನ್ನೂ ಗಂಟು ಕಟ್ಟಿ, ದೇವದುರ್ಗದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸಿದಳು. ಆಹಾ, ಅದು ಅರಿವೆ! ಸವೆದು ಸವೆದು ಬೆಣ್ಣೆಯಾಗಿತ್ತು. ಮೂರು ದಿನ ಅತ್ತೆಯ ಮಡಿಸೀರೆ ಒಣಗಿದ್ದು ಒಣಗಿದಂತೇ ಇತ್ತು. ನಾನು ಕೈಯಲ್ಲಿ ಸೀಮೆಸುಣ್ಣ ಹಿಡಿದು ನಿಂತ ಹಾಗೆ ಕನಸು ಕಂಡೆ.

ನಾಲ್ಕನೇ ದಿನ ಸ್ವಲ್ಪ ಸೋರಿತು, ಐದನೇ ದಿನ ಪೂರ್ತಿ. ಅದೇ ಅರಿವೆ, ಅದೇ ಮಡಿಕೆ. ನನಗೆ ತಲೆ ಕೆಟ್ಟುಹೋಯಿತು. ಅತ್ತೆ ಬೇಕೆಂತಲೇ ಸಡಿಲಾಗಿ ಕಟ್ಟುತ್ತಿದ್ದಾರೆ ಎಂಬ ಅನುಮಾನ ಎರಡು ದಿನದಿಂದ ಒಳಗೇ ಕುದಿಯುತ್ತಿತ್ತು. ಅವರು ಎರಡನೇ ಜಳಕ ಮುಗಿಸಿ ಬಂದು "ಮತ್ತ ತೊಯ್ತು ನೋಡವಾ" ಎಂದದ್ದೇ ಸಾಕಾಯಿತು.

"ನಾ ನೌಕರಿಗೆ ಹೋಗೂದು ನಿಮಗ ಬೇಕಾಗಿಲ್ರಿ. ಅದಕ್ಕ ಹಿಂಗ ಮಾಡಾಕತ್ತೀರಿ. ಬ್ಯಾಡ ಅಂತ ಬಾಯಿಲೆ ಅಂದ್ಬಿಡ್ರಿ!"

ಅತ್ತೆ ನನ್ನನ್ನೇ ನೋಡಿದರು. ಜಗಳಕ್ಕೆ ಎಂದೂ ಹಿಂದೆ ಸರಿಯದ ಹೆಂಗಸು ಅವತ್ತು ಬೆನ್ನು ತಿರುಗಿಸಿ ದೇವರ ಮುಂದೆ ಹೋಗಿ ಕೂತರು. ನನಗೆ ಬೈಸಿಕೊಂಡಿದ್ದರೆ ಹಗುರಾಗುತ್ತಿತ್ತು.

ಆ ಲಂಗೋಟಿಯನ್ನು ಹಿಡಿದುಕೊಂಡು ಖಾಲಾನ ಮನೆಗೆ ಹೋಗಿ ಅತ್ತೆಯ ಮೇಲೆ ಚಾಡಿ ಹೇಳಿದೆ. ಖಾಲಾ ತಂಬಿಗೆಯಿಂದ ನಾಲ್ಕು ಹನಿ ನೀರನ್ನು ಅರಿವೆಯ ಒಣಗಿದ ಕಡೆ ಹಾಕಿದರು. ನೀರು ಇಳಿಯಲಿಲ್ಲ, ಗುಂಡಗೆ ಮೇಲೆಯೇ ನಿಂತಿತು. ಅರಿವೆಯನ್ನು ಮೂಗಿಗೆ ಹಿಡಿದು ನಕ್ಕರು.

"ಅರೇ ಬೇಟಿ, ಇದು ಎಣ್ಣಿ ಕುಡ್ದು ಕುಂತದ. ಇನ್ನಾ ನೀರು ಎಲ್ಲಿ ಕುಡೀತದ? ಕೂಸಿಗೆ ಎಣ್ಣಿ ಹಚ್ಚಿ ಇದರ್ಲೇನೇ ಒರಸ್ತೀರಿ ಅಲ್ಲ?"

ಹೌದು. ದಿನಾ ಮುಂಜಾನೆ ಅತ್ತೆ ಮೊಮ್ಮಗನಿಗೆ ಔಡಲೆಣ್ಣೆ ತಿಕ್ಕಿ ಎರೆಯುತ್ತಿದ್ದರು. ಎಣ್ಣೆಮೈ ಕೈಯಿಂದ ಜಾರಬಾರದೆಂದು ಹತ್ತಿರ ಸಿಕ್ಕ ಮೆತ್ತನೆಯ ಅರಿವೆಯಿಂದ ಒರೆಸುತ್ತಿದ್ದರು. ಸಂಜೆ ತಲೆಗೆ ಎಣ್ಣೆ ಹಚ್ಚಿ ಅದೇ ಅರಿವೆಗೆ ಕೈ ಒರೆಸಿಕೊಳ್ಳುತ್ತಿದ್ದವಳು ನಾನು. ಟ್ರೇನಿಂಗ್ ಮಾಡಿದವಳಿಗೆ ಇಷ್ಟು ಹೊಳೆದಿರಲಿಲ್ಲ.

ಮನೆಗೆ ಬಂದು ಕ್ಷಮೆ ಕೇಳಲಿಲ್ಲ. ನಮ್ಮ ಕಡೆ ಮನೆಯವರ ಹತ್ತಿರ ಹಾಗೆಲ್ಲ ಕೇಳುವ ರೂಢಿಯಿಲ್ಲ. ಅತ್ತೆಗೆ ಇಷ್ಟವೆಂದು ಬಿಸಿ ರೊಟ್ಟಿ, ಪುಂಡಿಪಲ್ಯ ಮಾಡಿ ಬಡಿಸಿದೆ. ಅವರು ಎಲ್ಲವನ್ನೂ ಉಂಡು ಕೈತೊಳೆದು, "ಉಪ್ಪು ಕಮ್ಮಿ ಅದ" ಎಂದರು. ನನಗೆ ಅಷ್ಟೇ ಸಾಕಾಗಿತ್ತು.

ಮರುದಿನ ಖಾಲಾ ಹೇಳಿದಂತೆ ಅರಿವೆಗಳನ್ನೆಲ್ಲ ಒಗೆಯುವ ಸೋಡಾ ಹಾಕಿದ ನೀರಿನಲ್ಲಿ ಕುದಿಸಿದೆ. ಜಿಡ್ಡು ಬಿಟ್ಟು ನೀರು ಬೆಳ್ಳಗಾಯಿತು. ಬಿಸಿಲಿಗೆ ಹಾಕಿ, ಒಣಗಿದ ಮೇಲೆ ಕೌದಿ ಹೊಲಿಯುವ ಹಾಗೆ ಆರು ಪದರ ಜೋಡಿಸಿ, ಕೈಯಿಂದಲೇ ಸಡಿಲವಾಗಿ ದಾರ ಓಡಿಸಿದೆ. ಗಟ್ಟಿಯಾಗಿ ಹೊಲಿದರೆ ಪದರಗಳ ನಡುವೆ ನೀರಿಗೆ ಜಾಗವಿರುವುದಿಲ್ಲ ಎಂದು ಖಾಲಾ ಎಚ್ಚರಿಸಿದ್ದರು. ಏಳು ಮಕ್ಕಳನ್ನು ಬೆಳೆಸಿದ ವಿದ್ಯೆ ಅದು.

ಇನ್ನು ಹೊರಗಿನ ಕವಚ. ಅದು ನನಗೇ ಹೊಳೆಯಿತು, ಇವತ್ತಿಗೂ ಅದರ ಜಂಬ ನನಗಿದೆ. ನಮ್ಮಪ್ಪ ಮಳೆಯಲ್ಲಿ ಹೊಲದಿಂದ ಬರುವಾಗ ಕರಿಕಂಬಳಿಯನ್ನು ಕೊಪ್ಪೆ ಮಾಡಿ ಹೊದ್ದು ಬರುತ್ತಿದ್ದ. ಕಂಬಳಿ ಕೊಡವಿದರೆ ಒಳಗಿನ ಅಂಗಿ ಒಣಗೇ ಇರುತ್ತಿತ್ತು. ಮಳೆಯನ್ನು ಒಳಗೆ ಬಿಡದ ಕಂಬಳಿ ನನ್ನ ಮಗನದನ್ನು ಹೊರಗೆ ಏಕೆ ಬಿಡುತ್ತದೆ? ಸಂತೆಗೆ ಮಲ್ಲಟದಿಂದ ಬರುತ್ತಿದ್ದ ಕುರುಬನ ಹತ್ತಿರ ಒಂದು ಕಂಬಳಿಯ ತುಂಡು ತಂದು, ಕೌದಿ ಲಂಗೋಟಿಯ ಹೊರಗೆ ಸುತ್ತಿ ಲಾಡಿ ಕಟ್ಟಿದೆ. ಒಂದೇ ಒಂದು ತೂತು ಮಾಡಲಿಲ್ಲ.

ಮೇಲಾಗಿ ಶಾಸ್ತ್ರವನ್ನೂ ಹುಡುಕಿ ಇಟ್ಟುಕೊಂಡಿದ್ದೆ. "ಅತ್ತೀ, ಕಂಬಳಿಗೆ ಮೈಲಿಗಿ ಇಲ್ಲಂತ ನೀವ ಹೇಳ್ತಿರಲ್ರಿ. ದೇವ್ರ ಗದ್ದಿಗಿಗೂ ಕಂಬಳೀನ ಹಾಸ್ತಾರ. ಅಂದಮ್ಯಾಗ ಇದು ಒಂಚೂರು ಹಸಿ ಆದ್ರೂ ಮಡಿ ಕೆಡಂಗಿಲ್ಲಲ್ರಿ?"

ಅತ್ತೆ ಕಂಬಳಿಯ ತುಂಡನ್ನು ಬೆರಳಿನಿಂದ ತಿಕ್ಕಿ ನೋಡಿದರು.

"ಕಂಬಳಿಗೆ ಮೈಲಿಗಿ ಇಲ್ಲ, ಅದು ಖರೆ. ಆದ್ರ ಉಚ್ಚಿಗೆ ಅದ."

ಆ ವಾದವನ್ನು ಮುಂದುವರಿಸುವ ಅಗತ್ಯ ಬೀಳಲಿಲ್ಲ. ಐದು ದಿನ ಒಂದು ಹನಿಯೂ ಹೊರಗೆ ಬರಲಿಲ್ಲ. ಅತ್ತೆ ಅಧ್ಯಾಯದ ಮೇಲೆ ಅಧ್ಯಾಯ ಓದಿದರು. ಐದನೇ ದಿನ ಕಂಬಳಿಯನ್ನು ಹೊರಳಿಸಿ ನೋಡಿ, "ನಾಳೆ ಹೋಗಿ ಹಾಜರಾಗು" ಎಂದರು.

ಇಲ್ಲಿ ನಾನು ಸುಮ್ಮನಿರಬೇಕಿತ್ತು. ನೌಕರಿಯ ಮೊದಲ ದಿನಕ್ಕೆ ಎಲ್ಲವೂ ಸ್ವಚ್ಛವಾಗಿರಲಿ ಎಂಬ ಹುಮ್ಮಸ್ಸಿನಲ್ಲಿ ಅವತ್ತೇ ಮಧ್ಯಾಹ್ನ ಲಂಗೋಟಿಗಳ ಜೊತೆಗೆ ಕಂಬಳಿಯನ್ನೂ ಸೋಡಾ ನೀರಿನಲ್ಲಿ ಕುದಿಸಿದೆ. ಉಣ್ಣೆಯ ಮೈಯಲ್ಲಿ ಕುರಿಯ ಜಿಡ್ಡು ಇರುತ್ತದೆ, ನೀರನ್ನು ತಡೆಯುವುದೇ ಅದು, ಕಂಬಳಿಯನ್ನು ಬಿಸಿಲಿಗೆ ಹಾಕಬೇಕೇ ಹೊರತು ಕುದಿಸಬಾರದು ಎಂದು ಕುರುಬ ಆಮೇಲೆ ಬಿದ್ದು ಬಿದ್ದು ನಕ್ಕು ಹೇಳಿದ. ಅರಿವೆಯಿಂದ ಜಿಡ್ಡು ತೆಗೆಯಬೇಕು, ಕಂಬಳಿಯಲ್ಲಿ ಬಿಡಬೇಕು. ನಾನು ಎರಡನ್ನೂ ಒಂದೇ ಹಂಡೆಗೆ ಹಾಕಿದ್ದೆ. ಕಂಬಳಿ ಕೊಂಚ ಕುಗ್ಗಿ, ಹಗುರಾಗಿ ಹೊರಬಂತು. ಎಷ್ಟು ಸ್ವಚ್ಛವಾಯಿತು ಎಂದು ಖುಷಿಪಟ್ಟೆ.

ಮರುದಿನ ಹಾಜರಿಪುಸ್ತಕದಲ್ಲಿ ಸಹಿ ಹಾಕಿದೆ. ಒಂದನೇ ಇಯತ್ತೆಯ ಮಕ್ಕಳು ಎದ್ದುನಿಂತು "ನಮಸ್ತೇರಿ ಟೀಚರ್" ಎಂದಾಗ ಎದೆ ತುಂಬಿತು. ಆದರೆ ಹನ್ನೊಂದು ದಾಟಿದ್ದೇ ಕಿವಿ ಮನೆಯ ಕಡೆಗೇ ಇತ್ತು. ಒಂದು ಗಂಟೆಗೆ ಊಟದ ಬಿಡುವಿನ ಗಂಟೆ ಹೊಡೆದದ್ದೇ ತಡ, ಮಗನಿಗೆ ಹಾಲು ಕುಡಿಸಲು ಓಡಿ ಬಂದೆ.

ಅತ್ತೆ ಪಡಸಾಲೆಯಲ್ಲಿ ಮೊಮ್ಮಗನನ್ನು ಎತ್ತಿಕೊಂಡು ಕೂತಿದ್ದರು. ಉಟ್ಟಿದ್ದು ಮಡಿಸೀರೆಯಲ್ಲ, ಹಬ್ಬಕ್ಕೆಂದು ತೆಗೆದಿಟ್ಟ ಇಳಕಲ್ ಸೀರೆ. ಕೂದಲ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ತೊಯ್ತೇನ್ರಿ ಅತ್ತೀ?"

"ಎಲ್ಲಿದು ತೊಯ್ಯೂದು? ಒಣಾನ ಅದ."

"ಮತ್ತ ತಲಿ ಹಸಿ ಅದಲ್ರಿ?"

"ಧಗಿ ಆಗಿತ್ತು, ಜಳಕ ಮಾಡ್ದೆ. ನಿನ್ನ ಕೇಳಿ ಮಾಡ್ಬೇಕಿತ್ತೇನು?"

ಆಗ ಪುಷ್ಯಮಾಸ. ನಾನು ಶಾಲು ಹೊದ್ದಿದ್ದೆ.

ಹಾಲು ಕುಡಿಸಿ, ಕೈಕಾಲು ತೊಳೆಯಲು ಹಿತ್ತಲಿಗೆ ಹೋದೆ. ಹಗ್ಗದ ಮೇಲೆ, ಹೊದೆಯುವ ದೊಡ್ಡ ಕೌದಿಯ ಹಿಂದೆ ಕಾಣದ ಹಾಗೆ, ಅತ್ತೆಯ ಎರಡೂ ಮಡಿಸೀರೆಗಳು ಹಿಂಡಿ ಹಾಕಿದ್ದು ನೀರು ಸುರಿಸುತ್ತಿದ್ದವು. ಅವರ ಬಳಿ ಇದ್ದದ್ದೇ ಎರಡು. ಅಡಿಗೆಮನೆಯಲ್ಲಿ ನಾನು ಮುಂಜಾನೆ ಮುಚ್ಚಿಟ್ಟುಹೋದ ರೊಟ್ಟಿ ಮುಟ್ಟಿದಂತಿರಲಿಲ್ಲ. ಬೇಕೆಂತಲೇ ತೊಯ್ಸಿಕೊಳ್ಳುತ್ತೀರಿ ಎಂದು ನಾನು ಅಂದಿದ್ದೆ ಈ ಹೆಂಗಸಿಗೆ. ನಾಚಿಕೆಯಿಂದ ಅಲ್ಲೇ ಬಚ್ಚಲ ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟೆ.

"ಅಲ್ಲೇನ್ ಮಾಡಾಕತ್ತಿ ಬೇ? ಗಂಟಿ ಹೊಡ್ಯಾಕ ಬಂತು, ನಡಿ! ಮೊದಲ್ನೇ ದಿನಾನ ತಡಾ ಮಾಡಿದ್ರ ಹೆಡ್‌ಮಾಸ್ತರು ಏನಂತಾರ?" ಎಂದು ಒಳಗಿನಿಂದ ಗದರಿದರು.

ಕಣ್ಣೊರೆಸಿಕೊಂಡು ಹೊರಟೆ. ಚಪ್ಪಲಿ ಮೆಟ್ಟಿ ಓಣಿಗೆ ಇಳಿಯುವಷ್ಟರಲ್ಲಿ, ಅತ್ತೆ ಮೊಮ್ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಅವತ್ತಿನ ಅಧ್ಯಾಯವನ್ನು ಮೂರನೇ ಸಲ ಮೊದಲಿನಿಂದ ಓದಲು ಶುರುಮಾಡಿದ್ದು ಕೇಳಿಸಿತು.